ಕೋಡಿಗೂ ಬೇಕು ವಿಭಕ್ತಿ

ಪುಣೆಯ ಅಕ್ಷಾಂಶ 18.52, ರೇಖಾಂಶ 73.86. ಈ ಎರಡು ಸಂಖ್ಯೆಗಳನ್ನು ಅದಲುಬದಲು ಮಾಡಿ ನಕ್ಷೆಗೆ ಕೊಟ್ಟು ನೋಡಿ. ಪಿನ್ನು ಶಿವಾಜಿನಗರ ಬಿಟ್ಟು, ನಾರ್ವೆಯ ಉತ್ತರಕ್ಕೆ, ಬೇರ್ ದ್ವೀಪದ ಹತ್ತಿರದ ಸಮುದ್ರದಲ್ಲಿ ಹೋಗಿ ಕೂರುತ್ತದೆ. ಕಂಪ್ಯೂಟರ್ ಮಾತ್ರ ಚಕಾರ ಎತ್ತುವುದಿಲ್ಲ. ಅಕ್ಷಾಂಶ 90ರವರೆಗೂ ಇರಬಹುದು. ಪುಣೆ, ಬೆಳಗಾವಿ, ಬೆಂಗಳೂರುಗಳ ರೇಖಾಂಶಗಳೆಲ್ಲ ಅದರೊಳಗೇ ಇವೆ. ಹಾಗಾಗಿ ತಿರುಗುಮುರುಗಾದರೂ ಅದರ ಲೆಕ್ಕದಲ್ಲಿ ಅದೊಂದು ಸರಿಯಾದ ಜಾಗವೇ. ದಾರಿ ತಪ್ಪಿದ್ದು ಊಟದ ಪಾರ್ಸೆಲ್ ಆದರೆ ಹಸಿವು ತಡೆದುಕೊಳ್ಳಬಹುದು. ಆಂಬುಲೆನ್ಸ್ ಆದರೆ?

ಇದು ಸುಮ್ಮನೆ ಹುಟ್ಟಿಸಿದ ಭಯವಲ್ಲ. ನಕ್ಷೆ ತೋರಿಸಲು ಬಹಳ ಜನ ಬಳಸುವ ಲೀಫ್‌ಲೆಟ್ ಲೈಬ್ರರಿ ಅಕ್ಷಾಂಶವನ್ನು ಮೊದಲು ಕೇಳುತ್ತದೆ. 2016ರಲ್ಲಿ ಮಾನಕವಾಗಿ ಪ್ರಕಟವಾದ ಜಿಯೋಜೇಸನ್ ರೇಖಾಂಶವನ್ನು ಮೊದಲು ಬರೆಯಿರಿ ಎನ್ನುತ್ತದೆ. ಒಂದೇ ಪ್ರಾಜೆಕ್ಟಿನಲ್ಲಿ ಎರಡೂ ಇರುವುದು ಸಾಮಾನ್ಯ.

‘ಗುರುತುಹಾಕು(18.52, 73.86)’ ಎಂದು ಬರೆದರೆ ಯಾವುದು ಯಾವುದೆಂದು ಓದುವವರು ಊಹಿಸಬೇಕು. ‘ಗುರುತುಹಾಕು(ಅಕ್ಷಾಂಶ=18.52, ರೇಖಾಂಶ=73.86)’ ಎಂದರೆ ಊಹೆಗೆ ಕೆಲಸವಿಲ್ಲ. ಇದೇ ನೇಮ್ಡ್ ಪ್ಯಾರಾಮೀಟರ್. ಮೌಲ್ಯದ ಜತೆ ಅದರ ಹೆಸರನ್ನೂ ಹೇಳುವುದು.

ಬ್ಯಾಂಕಿನ ಉದಾಹರಣೆ ನೋಡಿ. ‘ಕಂತು(500000, 9, 60)’. ಐದು ಲಕ್ಷ ಸಾಲ, ಶೇ 9 ಬಡ್ಡಿ, 60 ತಿಂಗಳು ಎಂದಾದರೆ ಕಂತು ಸುಮಾರು 10,379 ರೂಪಾಯಿ. ಕೊನೆಯ ಎರಡು ಸಂಖ್ಯೆ ಹಿಂದುಮುಂದಾದರೆ ಶೇ 60 ಬಡ್ಡಿ, ಒಂಬತ್ತೇ ತಿಂಗಳು. ಕಂತು ಸುಮಾರು 70,345. ಎರಡೂ ಸಲ ಪ್ರೋಗ್ರಾಂ ನಿರಾಳವಾಗಿ ಓಡುತ್ತದೆ.

ಕನ್ನಡಿಗರಿಗೆ ಈ ತತ್ವ ಹೊಸದೇನಲ್ಲ. ‘ಅಜ್ಜಿ ಮೊಮ್ಮಗನಿಗೆ ಚಕ್ಕುಲಿಯನ್ನು ಕೊಟ್ಟಳು’ ಎನ್ನಿ, ‘ಚಕ್ಕುಲಿಯನ್ನು ಮೊಮ್ಮಗನಿಗೆ ಅಜ್ಜಿ ಕೊಟ್ಟಳು’ ಎನ್ನಿ, ಚಕ್ಕುಲಿ ಸೇರುವುದು ಮೊಮ್ಮಗನ ಕೈಗೇ. ‘ಗೆ’, ‘ಅನ್ನು’ ಎಂಬ ಪ್ರತ್ಯಯಗಳು ಪ್ರತಿ ಪದದ ಪಾತ್ರವನ್ನು ಅದರ ಬೆನ್ನಿಗೇ ಕಟ್ಟಿವೆ. ಇಲ್ಲಿನ ಮರಾಠಿಯೂ ಹಾಗೆಯೇ: ‘ಆಜೀನೇ ನಾತವಾಲಾ ಚಕಲೀ ದಿಲೀ’. ನಮ್ಮ ‘ಗೆ’ ಮಾಡುವ ಕೆಲಸವನ್ನು ಅವರ ‘ಲಾ’ ಮಾಡುತ್ತದೆ. ಇಂಗ್ಲಿಷಿನಲ್ಲಿ ಯಾರು ಕೊಟ್ಟರು, ಯಾರು ಪಡೆದರು ಎಂಬುದನ್ನು ಬಹುಮಟ್ಟಿಗೆ ಪದ ಕೂತ ಜಾಗವೇ ಹೇಳಬೇಕು. ಹದಿಮೂರನೆಯ ಶತಮಾನದಲ್ಲೇ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ವಿಭಕ್ತಿಗಳಿಗೆ ಸೂತ್ರ ಬರೆದಿದ್ದ. ಪ್ರೋಗ್ರಾಮಿಂಗ್‌ನಲ್ಲಿ ಏಡಾ ಭಾಷೆಗೆ 1980ರ ದಶಕದಲ್ಲೇ ಈ ಸೌಲಭ್ಯವಿತ್ತು. ಸಿ ಶಾರ್ಪ್‌ಗೆ 2010ರಲ್ಲಿ, ಪಿಎಚ್‌ಪಿಗೆ 2020ರಲ್ಲಿ ಬಂತು. ಪೈಥಾನ್ 3ರಲ್ಲಂತೂ ಫಂಕ್ಷನ್ ಬರೆಯುವಾಗ ಒಂದು ನಕ್ಷತ್ರ ಚಿಹ್ನೆ ಹಾಕಿದರೆ, ಅದರ ನಂತರದವನ್ನು ಹೆಸರು ಹೇಳಿಯೇ ಕೊಡಬೇಕು. ಜಾವಾದಲ್ಲಿ ಈ ಸೌಲಭ್ಯ ಇಲ್ಲ. ಅಲ್ಲಿ ಬಿಲ್ಡರ್ ಬಳಸಿ ಹೆಚ್ಚುಕಡಿಮೆ ಇದೇ ಫಲ ಪಡೆಯುತ್ತಾರೆ.

‘ಎಡಿಟರೇ ಹೆಸರು ತೋರಿಸುತ್ತದಲ್ಲ, ನಾವೇಕೆ ಬರೆಯಬೇಕು?’ ಎಂದು ಕಿರಿಯ ಸಹೋದ್ಯೋಗಿಗಳು ಕೇಳುತ್ತಾರೆ. ಬರೆಯುವವರ ಎಡಿಟರ್ ತೋರಿಸುತ್ತದೆ, ನಿಜ. ಬ್ರೌಸರಿನಲ್ಲಿ ಕೋಡ್ ರಿವ್ಯೂ ಮಾಡುವವರಿಗೆ ಸಾಮಾನ್ಯವಾಗಿ ಕಾಣುವುದು ಬರಿಯ ಸಂಖ್ಯೆಗಳು. ತಪ್ಪು ಹಿಡಿಯಬೇಕಾದವರೇ ಅವರು.

ಹಾಗೆಂದು ಎಲ್ಲೆಡೆ ಹೆಸರು ತುರುಕಬೇಕಿಲ್ಲ. ಎರಡು ಸಂಖ್ಯೆಗಳಲ್ಲಿ ದೊಡ್ಡದನ್ನು ಆರಿಸುವ ಫಂಕ್ಷನ್‌ಗೆ ಹೆಸರು ಭಾರವೇ. ಇನ್ನೊಂದು ಬೆಲೆಯೂ ಇದೆ: ಪ್ಯಾರಾಮೀಟರ್ ಹೆಸರು ಬದಲಿಸಿದರೆ ಅದನ್ನು ಹೆಸರಿನಿಂದ ಕರೆದ ಕೋಡ್ ಎಲ್ಲ ಮುರಿಯುತ್ತದೆ. ಆದ್ದರಿಂದ ಹೆಸರನ್ನು ಮೊದಲೇ ಯೋಚಿಸಿ ಇಡಬೇಕು. ನನ್ನ ಲೆಕ್ಕ ಸರಳ: ಒಂದೇ ಬಗೆಯ ಎರಡು ಮೌಲ್ಯಗಳು ಅಕ್ಕಪಕ್ಕ ಬಂದರೆ, ಅಥವಾ ಹೌದು-ಅಲ್ಲ ಎಂಬ ಮೌಲ್ಯ ಬಂದರೆ, ಹೆಸರು ಬೇಕೇ ಬೇಕು.

ಹಿಂಜವಡಿಯಲ್ಲಾಗಲಿ ವೈಟ್‌ಫೀಲ್ಡಿನಲ್ಲಾಗಲಿ ಕೋಡ್ ಬರೆದವರು ಎರಡು ಮೂರು ವರ್ಷಕ್ಕೆ ಬೇರೆ ಕಂಪನಿ ಸೇರುತ್ತಾರೆ. ಕೋಡ್ ಅಲ್ಲೇ ಉಳಿಯುತ್ತದೆ. ರಾತ್ರಿ ಎರಡು ಗಂಟೆಗೆ ಅದನ್ನು ತೆರೆದು ಕೂತವರಿಗೆ, 60 ಎಂದರೆ ತಿಂಗಳೋ ಬಡ್ಡಿಯೋ ಎಂದು ಫೋನ್ ಮಾಡಿ ಕೇಳಲು ಯಾರೂ ಸಿಗುವುದಿಲ್ಲ. ಆ ಒಂದು ಪದವನ್ನು ಬರೆದಿಟ್ಟು ಹೋಗೋಣ.