ಚಿತ್ರಕ್ಕೊಂದು ಅಡಿಬರಹ

ಮಂಗಳೂರು ನಗರದ ದಕ್ಷಿಣದಲ್ಲಿ, ಮಂಗಳಾದೇವಿಯ ದೇವಾಲಯದ ಆಸುಪಾಸಿನಿಂದ ನೇತ್ರಾವತಿಯ ದಡದವರೆಗೆ ಹಬ್ಬಿರುವ ಬೋಳಾರವು ಒಂದು ಕಾಲಕ್ಕೆ ಹೆಂಚಿನ ಕಾರ್ಖಾನೆಗಳಿಂದ ಹೆಸರಾಗಿದ್ದಿತು. ನೆರೆಯ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಮೊದಲ ಕಾರ್ಖಾನೆಯನ್ನು ತೆರೆದರು. ಆ ಬಳಿಕ ಈ ದಡದುದ್ದಕ್ಕೂ ಹೊಗೆಗೂಡುಗಳು ಎದ್ದವು. ಇಲ್ಲಿ ಸುಟ್ಟ ಹೆಂಚುಗಳಲ್ಲಿ ಒಂದು ವಿಶೇಷವಿದ್ದಿತು. ಪ್ರತಿ ಹೆಂಚಿನ ಅಡಿಮೈಯಲ್ಲಿ ಅದನ್ನು ತಯಾರಿಸಿದವರ ಹೆಸರು ಮತ್ತು ಊರು ಅಚ್ಚೊತ್ತಿರುತ್ತಿದ್ದವು. ಬೀದಿಯಲ್ಲಿ ನಡೆಯುವವನಿಗೆ ಈ ಮುದ್ರೆ ಕಾಣದು. ಮನೆಯೊಳಗೆ ಮಲಗಿ ಮಾಡನ್ನು ನೋಡುವವನಿಗೆ ಮಾತ್ರ ಕಾಣುತ್ತದೆ. ಎಲ್ಲೋ ದೂರದ ಊರಿನಲ್ಲಿ ಹಳೆಯ ಮನೆಯೊಂದನ್ನು ಕೆಡವಿದಾಗ ಅಂಥ ಹೆಂಚನ್ನು ಮಗುಚಿ ನೋಡಿದರೆ ಸಾಕು, ಅದು ಎಲ್ಲಿಂದ ಬಂದಿತೆಂದು ತಾನೇ ಹೇಳುತ್ತದೆ.

ಕೈಯಿಂದ ಕೈಗೆ ಹೋಗುವ ಛಾಯಾಚಿತ್ರಕ್ಕೂ ಇಂಥದೊಂದು ಮುದ್ರೆ ಬೇಕು. ಅದನ್ನೇ ಅಡಿಬರಹವೆನ್ನುತ್ತೇವೆ. ರೈಲುಗಾಡಿಗಳ ಚಿತ್ರ ತೆಗೆಯುವ ಹವ್ಯಾಸವು ಇಂದು ಕಿರಿಯರಲ್ಲಿಯೂ ಹಿರಿಯರಲ್ಲಿಯೂ ಹರಡಿದೆ. ಮಂಗಳೂರು ಈ ಹವ್ಯಾಸಕ್ಕೆ ಹೇಳಿಮಾಡಿಸಿದ ಊರು. ತೆಂಕಣಿಂದ ಷೊರನೂರಿನ ದಾರಿ 1907ರಲ್ಲಿ ನೇತ್ರಾವತಿಯನ್ನು ದಾಟಿ ಬಂದಿತು. ಮೂಡಣಿಂದ ಹಾಸನದ ದಾರಿ 1979ರಲ್ಲಿ ಘಟ್ಟವನ್ನು ಇಳಿಯಿತು. ಬಡಗಣಿಂದ ಕೊಂಕಣ ರೈಲುಮಾರ್ಗ 1998ರಲ್ಲಿ ಪೂರ್ಣವಾಗಿ ತೆರೆಯಿತು. ಹಿಂದೆ ಒಂದು ಚಿತ್ರವನ್ನು ತೊಳೆದು ಅಚ್ಚುಹಾಕಿಸಿ ಗೆಳೆಯನಿಗೆ ಅಂಚೆಯಲ್ಲಿ ಕಳುಹಿಸಲು ವಾರಗಳು ಹಿಡಿಯುತ್ತಿದ್ದವು. ಈಗ ಮೊಬೈಲ್ ಫೋನಿನಲ್ಲಿ ತೆಗೆದ ಚಿತ್ರವು ಗಾಡಿ ಮುಂದಿನ ನಿಲ್ದಾಣವನ್ನು ಸೇರುವ ಮೊದಲೇ ನೂರು ಜನರ ಕೈಸೇರುತ್ತದೆ. ಹೀಗೆ ಹೋಗುವಾಗ ದಾರಿಯಲ್ಲಿ ಅದು ಮೊದಲು ಕಳೆದುಕೊಳ್ಳುವುದು ತನ್ನ ಅಡಿಬರಹವನ್ನೇ.

ಅದು ಕಳೆದುಹೋದರೆ ನಷ್ಟವೇನು? ಹಾಸನದ ದಾರಿಯನ್ನೇ ನೋಡೋಣ. ಅದು ಮೊದಲು ಮೀಟರ್ ಗೇಜ್ ದಾರಿಯಾಗಿದ್ದಿತು. ಎಂದರೆ ಎರಡು ಹಳಿಗಳ ನಡುವಣ ಅಂತರ 1000 ಮಿಲಿಮೀಟರ್. ಬ್ರಾಡ್ ಗೇಜ್‌ಗೆ ಪರಿವರ್ತಿಸುವ ಸಲುವಾಗಿ 1996ರಲ್ಲಿ ಅಲ್ಲಿನ ಸಂಚಾರವನ್ನು ನಿಲ್ಲಿಸಲಾಯಿತು. ಹಳಿಗಳ ಅಂತರವನ್ನು 1676 ಮಿಲಿಮೀಟರಿಗೆ ಅಗಲಿಸಿದ ಬಳಿಕ 2006ರಲ್ಲಿ ಸರಕುಗಾಡಿಗಳೂ 2007ರ ಕೊನೆಗೆ ಪ್ರಯಾಣಿಕರ ಗಾಡಿಗಳೂ ಮತ್ತೆ ಓಡತೊಡಗಿದವು. ಆದ್ದರಿಂದ ಘಟ್ಟದಲ್ಲಿ ಮೀಟರ್ ಗೇಜ್ ಪ್ರಯಾಣಿಕರ ಗಾಡಿ ಓಡಿದ್ದು ಕೇವಲ ಹದಿನೇಳು ವರ್ಷಗಳಷ್ಟು ಕಾಲ. ಆ ಹಳಿಗಳು ಈಗಿಲ್ಲ; ಉಳಿದಿರುವುದು ಯಾರ ಯಾರದೋ ಪೆಟ್ಟಿಗೆಗಳಲ್ಲಿರುವ ಕೆಲವು ಚಿತ್ರಗಳು. ಅಂಥ ಒಂದು ಚಿತ್ರವನ್ನು ‘ಸುಂದರವಾದ ಕಾಡಿನಲ್ಲಿ ರೈಲು’ ಎಂದಷ್ಟೇ ಬರೆದು ಕಳುಹಿಸಿದರೆ ನೋಡಿದವನಿಗೆ ಕ್ಷಣಕಾಲದ ಸಂತೋಷವೇನೋ ಉಂಟು. ಆದರೆ ನಾಡಿನ ಚರಿತ್ರೆಗೆ ದೊರೆಯಬಹುದಾಗಿದ್ದ ಒಂದು ಸಾಕ್ಷ್ಯ ಅಲ್ಲಿಗೆ ಮುಗಿಯುತ್ತದೆ. ಎಲ್ಲಿ, ಯಾವ ದಿನ, ಯಾವ ಗಾಡಿ, ಎತ್ತ ಹೊರಟಿದ್ದಿತು, ತೆಗೆದವರಾರು ಎಂಬ ಎರಡು ಸಾಲುಗಳಿದ್ದರೆ ಅದೇ ಚಿತ್ರ ದಾಖಲೆಯಾಗುತ್ತದೆ.

ನಿಲ್ದಾಣಗಳ ಹೆಸರಿನ ವಿಷಯದಲ್ಲಿಯೂ ಹೀಗೆಯೇ. ಇಂದಿನ ಮಂಗಳೂರು ಜಂಕ್ಷನ್ನಿಗೆ ಹಿಂದೆ ಕಂಕನಾಡಿ ಎಂದು ಹೆಸರಿದ್ದಿತು. ಫಲಕದ ಮೇಲೆ ಕಂಕನಾಡಿಯೆಂದಿರುವ ಹಳೆಯ ಚಿತ್ರಕ್ಕೆ ಹೊಸ ಹೆಸರನ್ನಷ್ಟೇ ಬರೆದರೆ ಓದುಗನು ಗೊಂದಲಕ್ಕೆ ಬೀಳುತ್ತಾನೆ. ಹಳೆಯದನ್ನಷ್ಟೇ ಬರೆದರೆ ಇಂದಿನ ಬಾಲಕನಿಗೆ ಅದು ಯಾವ ಊರೆಂಬುದೇ ತಿಳಿಯದು. ಎರಡನ್ನೂ ಬರೆಯುವುದು ಲೇಸು. ಇಸವಿಯನ್ನು ಬರೆಯುವಾಗ ಅದು ಯಾವುದರ ಇಸವಿಯೆಂಬ ಎಚ್ಚರವೂ ಇರಬೇಕು. ಬಾಸೆಲ್ ಮಿಷನ್ನಿನ ಹೆಂಚುಗಳ ಮೇಲೆ ಕಾಣುವ 1865 ಎಂಬ ಅಂಕಿಯು ಕಾರ್ಖಾನೆ ಹುಟ್ಟಿದ ವರ್ಷವೇ ಹೊರತು ಆ ಹೆಂಚನ್ನು ಸುಟ್ಟ ವರ್ಷವಲ್ಲ. ಹಾಗೆಯೇ ಚಿತ್ರವು ನಮ್ಮ ಕೈಗೆ ಬಂದ ದಿನವು ಅದನ್ನು ತೆಗೆದ ದಿನವಾಗಿರಬೇಕಾಗಿಲ್ಲ.

ದಿನಾಂಕವಿಲ್ಲದ ಚಿತ್ರದಿಂದ ಪ್ರಾಣಕ್ಕೂ ಅಪಾಯ ಒದಗಬಹುದೆಂದರೆ ಕೆಲವರಿಗೆ ಅತಿಶಯೋಕ್ತಿಯೆನಿಸೀತು. ಸಕಲೇಶಪುರಕ್ಕೂ ಸುಬ್ರಹ್ಮಣ್ಯ ರಸ್ತೆ ನಿಲ್ದಾಣಕ್ಕೂ ನಡುವೆ ಸುಮಾರು 55 ಕಿಲೋಮೀಟರ್ ಉದ್ದದ ಘಟ್ಟದಾರಿಯಿದೆ. ಅದರಲ್ಲಿ 57 ಸುರಂಗಗಳು. ಏರಿಳಿತ ಐವತ್ತು ಅಡಿಗೆ ಒಂದು ಅಡಿಯಂತೆ. ಗಾಡಿಗಳು ಓಡದಿದ್ದ ಆ ವರ್ಷಗಳಲ್ಲಿ ಚಾರಣಿಗರು ಹಳಿಗುಂಟ ನಡೆದು, ಸೇತುವೆಗಳ ಮೇಲೆ ನಿಂತು, ಸುರಂಗಗಳ ಬಾಯಲ್ಲಿ ಕುಳಿತು ಚಿತ್ರಗಳನ್ನು ತೆಗೆದುಕೊಂಡರು. ಆ ಚಿತ್ರಗಳು ಇಸವಿಯಿಲ್ಲದೆ ಇಂದಿಗೂ ತಿರುಗಾಡುತ್ತಿವೆ. ಅವನ್ನು ಕಂಡ ಯುವಕನು, ಈ ದಾರಿ ನಡೆಯುವುದಕ್ಕೇ ಇದೆಯೆಂದು ಭಾವಿಸಿ ಹೊರಟರೆ ತಪ್ಪು ಅವನೊಬ್ಬನದೇ ಎನ್ನಲಾದೀತೆ? ಈಗ ಆ ಹಳಿಗಳ ಮೇಲೆ ಗಾಡಿಗಳು ಹಗಲಿರುಳು ಓಡುತ್ತವೆ. ಸುರಂಗದೊಳಗೆ ಎದುರಾದ ಗಾಡಿಗೆ ದಾರಿಬಿಡುವುದು ಸುಲಭವಲ್ಲ. 1989ರ ರೈಲ್ವೆ ಕಾಯಿದೆಯ 147ನೆಯ ಕಲಮಿನ ಪ್ರಕಾರ ಅನುಮತಿಯಿಲ್ಲದೆ ಹಳಿಯ ಮೇಲೆ ಹೋಗುವುದು ಅಪರಾಧ. ಆರು ತಿಂಗಳವರೆಗೆ ಸೆರೆವಾಸ ಅಥವಾ ಸಾವಿರ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡನ್ನೂ ವಿಧಿಸಬಹುದು. ಹಳಿಯ ಮೇಲೆ ನಿಂತು ತೆಗೆದ ಚಿತ್ರ ಎಷ್ಟೇ ಸೊಗಸಾಗಿದ್ದರೂ ಅದನ್ನು ಹಂಚದಿರುವುದು ಬಲ್ಲವರ ಪದ್ಧತಿ. ಹೊಗಳಿದರೆ ಮತ್ತೊಬ್ಬನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ.

ಅಪಘಾತದ ಚಿತ್ರಗಳಿಗೆ ಇನ್ನೂ ಹೆಚ್ಚಿನ ಸಂಯಮ ಬೇಕು. 2001ರ ಜೂನ್ 22ರಂದು ಮಂಗಳೂರಿನಿಂದ ಚೆನ್ನೈಗೆ ಹೊರಟಿದ್ದ ಮೇಲ್ ಗಾಡಿಯ ಬೋಗಿಗಳು ಕೇರಳದ ಕಡಲುಂಡಿಯಲ್ಲಿ ಸೇತುವೆಯಿಂದ ನದಿಗೆ ಬಿದ್ದು ಐವತ್ತಕ್ಕೂ ಹೆಚ್ಚು ಜನ ಮಡಿದರು. ಇಂಥ ಚಿತ್ರವೊಂದು ಯಾವುದೋ ಮಳೆಗಾಲದ ಸಂಜೆ ಇಸವಿಯಿಲ್ಲದೆ ಫೋನಿಗೆ ಬಂದರೆ, ಅದೇ ದಾರಿಯಲ್ಲಿ ಮಗನನ್ನು ಕಳುಹಿಸಿರುವ ತಾಯಿಯ ಪಾಡೇನು? ಮಡಿದವರ, ಗಾಯಗೊಂಡವರ ಮುಖ ಕಾಣುವ ಚಿತ್ರಗಳನ್ನಂತೂ ಹವ್ಯಾಸದ ಹೆಸರಿನಲ್ಲಿ ಹಂಚುವುದು ಸಲ್ಲದು.

ಇನ್ನು ಚಿತ್ರದ ಗುಣಮಟ್ಟ. ಇದು ಬರಿಯ ಅಂದಚೆಂದದ ಮಾತಲ್ಲ. ಎಂಜಿನಿನ ಮೈಮೇಲೆ ಅದರ ಸಂಖ್ಯೆಯೂ ಅದು ಸೇರಿದ ಷೆಡ್ಡಿನ ಹೆಸರೂ ಬರೆದಿರುತ್ತವೆ. ಅವುಗಳನ್ನು ಓದಲು ಬಂದರೆ ಚಿತ್ರ ಮಾತನಾಡುತ್ತದೆ, ಮಸುಕಾಗಿದ್ದರೆ ಮೂಕವಾಗುತ್ತದೆ. ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಸಾಗುವ ಗಾಡಿಯು ಒಂದು ಸೆಕೆಂಡಿಗೆ 25 ಮೀಟರ್ ದೂರ ಕ್ರಮಿಸುತ್ತದೆ. ಕ್ಯಾಮೆರಾದ ಷಟರು ಸೆಕೆಂಡಿನ ಐವತ್ತರಲ್ಲಿ ಒಂದು ಪಾಲಿನಷ್ಟು ಕಾಲ ತೆರೆದಿದ್ದರೆ ಅಷ್ಟರಲ್ಲಿ ಗಾಡಿ ಅರ್ಧ ಮೀಟರ್ ಮುಂದೆ ಹೋಗಿರುತ್ತದೆ. ಅಕ್ಷರಗಳು ಒಂದರ ಮೇಲೊಂದು ಹರಡಿಹೋಗಲು ಅಷ್ಟು ಸಾಕು. ಸಾವಿರದಲ್ಲಿ ಒಂದು ಪಾಲಿಗೆ ಇಳಿಸಿದರೆ ಗಾಡಿಯ ಚಲನೆ ಎರಡೂವರೆ ಸೆಂಟಿಮೀಟರ್ ಮಾತ್ರ. ಆದರೆ ಅಷ್ಟು ಕಡಿಮೆ ಕಾಲದಲ್ಲಿ ಚಿತ್ರ ಮೂಡಲು ಬೆಳಕು ಹೆಚ್ಚು ಬೇಕು. ಆಷಾಢದ ಕಾರ್ಮೋಡದ ದಿನ ಕರಾವಳಿಯಲ್ಲಿ ಅಷ್ಟು ಬೆಳಕು ದೊರೆಯುವುದಿಲ್ಲ. ಅಂಥ ದಿನ ನಿಂತ ಗಾಡಿಯನ್ನೋ ನಿಧಾನವಾಗಿ ಬರುವ ಗಾಡಿಯನ್ನೋ ಆರಿಸಿಕೊಳ್ಳುವವನು ಜಾಣ. ಬೆಳಕಿನ ದಿಕ್ಕೂ ಮುಖ್ಯ. ಬೋಳಾರದ ಹೊಳೆಬದಿಗೆ ನೇತ್ರಾವತಿಯ ರೈಲುಸೇತುವೆ ಮೂಡಣ ದಿಕ್ಕಿನಲ್ಲಿದೆ. ಬೆಳಿಗ್ಗೆ ಅತ್ತ ಕ್ಯಾಮೆರಾ ಹಿಡಿದರೆ ಸೂರ್ಯನು ಗಾಡಿಯ ಹಿಂದಿರುವುದರಿಂದ ಸಿಗುವುದು ಕಪ್ಪು ಆಕೃತಿ. ಇಳಿಹೊತ್ತಿನಲ್ಲಿ ಪಡುವಣದ ಬಿಸಿಲು ಬೋಗಿಗಳ ಮೈಮೇಲೆ ಬೀಳುತ್ತದೆ.

ಚಿತ್ರದ ಬಣ್ಣವನ್ನು ಆಮೇಲೆ ಏರಿಸಿ, ಹಸಿರನ್ನು ಗಿಣಿಯಂತೆಯೂ ಆಕಾಶವನ್ನು ಶಾಯಿಯಂತೆಯೂ ಮಾಡುವವರಿದ್ದಾರೆ. ಅದು ಅವರವರ ರುಚಿ ಎನ್ನೋಣ. ಆದರೆ ಅಡ್ಡ ಬಂದ ವಿದ್ಯುತ್ ಕಂಬವನ್ನು ಅಳಿಸುವುದಾಗಲಿ ಅಂಚನ್ನು ಕತ್ತರಿಸುವಾಗ ಹಳಿಗಳನ್ನೇ ಕಳೆಯುವುದಾಗಲಿ ರುಚಿಯ ಮಾತಲ್ಲ. ಕಂಬವು ಆ ದಾರಿಗೆ ವಿದ್ಯುತ್ತು ಬಂದ ಕಾಲವನ್ನು ಹೇಳುತ್ತದೆ, ಹಳಿಗಳು ಗೇಜನ್ನು ಹೇಳುತ್ತವೆ. ಮೂಲ ಪ್ರತಿಯನ್ನು ಮುಟ್ಟದೆ ಇಟ್ಟುಕೊಂಡು, ತಿದ್ದಿದ ಪ್ರತಿಯ ಕೆಳಗೆ ತಿದ್ದಿದ್ದೇವೆಂದು ಬರೆಯುವುದು ಸರಿಯಾದ ಕ್ರಮ. ಫೋನಿನಿಂದ ಫೋನಿಗೆ ಹೋಗುವಾಗ ಚಿತ್ರ ಕುಗ್ಗುವುದೂ ಉಂಟು. ಮೂಲವನ್ನು ಉಳಿಸಿಕೊಳ್ಳಲು ಅದೂ ಒಂದು ಕಾರಣ.

ಚಿತ್ರ ತೆಗೆದವನ ಹೆಸರನ್ನು ಬಿಟ್ಟುಬಿಡುವುದು ಈ ಕ್ಷೇತ್ರದಲ್ಲಿ ಬಹಳ ಸಾಮಾನ್ಯವಾದ ಅಪಚಾರ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಛಾಯಾಚಿತ್ರದ ಕರ್ತೃ ಅದನ್ನು ತೆಗೆದ ವ್ಯಕ್ತಿ. 2012ರ ತಿದ್ದುಪಡಿಯಾದಂದಿನಿಂದ ಆ ರಕ್ಷಣೆ ಅವನ ಜೀವಮಾನವಿಡೀ ಇದ್ದು, ಆಮೇಲೂ 60 ವರ್ಷ ಮುಂದುವರಿಯುತ್ತದೆ. ಕಾನೂನಿನ ಮಾತಿರಲಿ, ಘಟ್ಟದ ಮಳೆಯಲ್ಲಿ ಗಂಟೆಗಟ್ಟಲೆ ಕಾದು ನಿಂತವನ ಶ್ರಮವನ್ನು ಮನೆಯಲ್ಲಿ ಕುಳಿತವನು ತನ್ನದೆಂದು ಹಂಚುವುದು ಯಾವ ಮರ್ಯಾದೆ? ಇದಕ್ಕೆ ಹೆದರಿ ಕೆಲವರು ಎಂಜಿನಿನ ಮೈಮೇಲೆಯೇ ದೊಡ್ಡಕ್ಷರಗಳಲ್ಲಿ ತಮ್ಮ ಹೆಸರನ್ನು ಬರೆದುಬಿಡುತ್ತಾರೆ. ಹೆಂಚು ಮಾಡುವವರು ಮುದ್ರೆಯನ್ನು ಅಡಿಮೈಗೆ ಒತ್ತಿದರೇ ಹೊರತು ಮೇಲ್ಮೈಗೆ ಒತ್ತಲಿಲ್ಲ. ಚಿತ್ರದ ಮೂಲೆಯಲ್ಲಿ ಚಿಕ್ಕದಾಗಿ ಇರುವ ಹೆಸರೂ ಹೆಸರೇ.

ಚಿತ್ರದಲ್ಲಿರುವ ಜನರನ್ನೂ ಮರೆಯಬಾರದು. ಸುಡುಬಿಸಿಲಿನಲ್ಲಿ ಹಳಿ ಸರಿಪಡಿಸುವ ಗ್ಯಾಂಗ್‌ಮನ್, ಕಿಟಕಿಯ ಬಳಿ ನಿದ್ರಿಸುವ ಪ್ರಯಾಣಿಕಳು, ಇವರಾರೂ ಚಿತ್ರಕ್ಕೆಂದು ಬಂದವರಲ್ಲ. ಹತ್ತಿರದಿಂದ ತೆಗೆಯುವಾಗ ಕೇಳಿಯೇ ತೆಗೆಯಬೇಕು. ನಿಲ್ದಾಣದಲ್ಲಿ ಸಿಬ್ಬಂದಿಯವರು ಬೇಡವೆಂದರೆ ವಾದಕ್ಕೆ ನಿಲ್ಲದೆ ಕ್ಯಾಮೆರಾವನ್ನು ಒಳಗಿಡಬೇಕು. ಇನ್ನೊಬ್ಬರ ಅಡಿಬರಹದಲ್ಲಿ ತಪ್ಪು ಕಂಡರೆ ನಾಲ್ಕು ಜನರೆದುರು ಎತ್ತಿ ಆಡುವುದಕ್ಕಿಂತ ಅವರಿಗೊಬ್ಬರಿಗೇ ತಿಳಿಸಿದರೆ ಚಿತ್ರವೂ ಸರಿಯಾಗುತ್ತದೆ, ಸ್ನೇಹವೂ ಉಳಿಯುತ್ತದೆ.

ಕರಾವಳಿಯ ಎಷ್ಟೋ ಮನೆಗಳಲ್ಲಿ ಅಜ್ಜಂದಿರು ಬಿಟ್ಟುಹೋದ ಹಳೆಯ ನೆಗೆಟಿವ್‌ಗಳಿರುತ್ತವೆ. ಅವನ್ನು ಪ್ರತಿಮಾಡುವಾಗ ಹಾಳೆ ಮಗುಚಿಹೋದರೆ ಎಡವೆಲ್ಲ ಬಲವಾಗುತ್ತದೆ. ಕಡಲು ಮೂಡಣಕ್ಕೆ ಬಂದು ಕೂರುತ್ತದೆ. ನಮ್ಮಲ್ಲಿ ಜೋಡಿಹಳಿಯ ಗಾಡಿಗಳು ಸಾಮಾನ್ಯವಾಗಿ ಎಡಬದಿಯ ಹಳಿಯಲ್ಲಿ ಸಾಗುತ್ತವೆ. ಫಲಕದ ಅಕ್ಷರಗಳಿಲ್ಲದ ಚಿತ್ರದಲ್ಲಿ ಈ ಒಂದು ಸಂಗತಿಯಿಂದಲೇ ತಪ್ಪನ್ನು ಹಿಡಿಯಬಹುದು. ತೆಗೆದ ದಿನ ಯಾರಿಗೂ ತಿಳಿಯದಿದ್ದರೆ ಊಹಿಸಿ ಬರೆಯುವ ಅಗತ್ಯವಿಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸಂಗ್ರಹಾಲಯದಲ್ಲಿ ಮಿಷನ್ನಿನವರು ಮಂಗಳೂರಿನಲ್ಲಿಯೂ ಇತರ ಕಡೆಗಳಲ್ಲಿಯೂ ತೆಗೆದ ಹಳೆಯ ಚಿತ್ರಗಳಿವೆ. ನಿಶ್ಚಿತ ದಿನಾಂಕ ದೊರೆಯದ ಚಿತ್ರಗಳಿಗೆ ಅಲ್ಲಿ ಎರಡು ಮೇರೆಗಳನ್ನು ನಮೂದಿಸುತ್ತಾರೆ: ಇದಕ್ಕಿಂತ ಹಿಂದಿನದಲ್ಲ, ಇದಕ್ಕಿಂತ ಈಚಿನದಲ್ಲ ಎಂದು. ಅದೇ ರೀತಿಯಲ್ಲಿ ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿದ ಮೀಟರ್ ಗೇಜ್ ಗಾಡಿಯ ಚಿತ್ರವೊಂದಕ್ಕೆ ಹೀಗೆ ಬರೆಯಬಹುದು: ‘ಸಕಲೇಶಪುರಕ್ಕೂ ಸುಬ್ರಹ್ಮಣ್ಯ ರಸ್ತೆಗೂ ನಡುವೆ ಪ್ರಯಾಣಿಕರ ಗಾಡಿ. 1979ಕ್ಕಿಂತ ಹಿಂದಿನದಲ್ಲ, 1996ಕ್ಕಿಂತ ಈಚಿನದಲ್ಲ. ತೆಗೆದವರು ತಿಳಿಯದು, ಬಲ್ಲವರು ತಿಳಿಸಬೇಕು.’