ತೂಕ ಎಲ್ಲಿ, ಆಸರೆ ಎಲ್ಲಿ?

1628ರ ಆಗಸ್ಟ್ 10. ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮ್‌ನಿಂದ ‘ವಾಸಾ’ ಎಂಬ ಹೊಚ್ಚ ಹೊಸ ಯುದ್ಧನೌಕೆ ತನ್ನ ಮೊದಲ ಯಾನಕ್ಕೆ ಹೊರಟಿತು. ಎರಡು ಅಂತಸ್ತುಗಳಲ್ಲಿ ಸಾಲುಗಟ್ಟಿದ್ದ ಕಂಚಿನ ಫಿರಂಗಿಗಳು ಅರಸನ ವೈಭವವನ್ನು ಸಾರುತ್ತಿದ್ದವು. ಸುಮಾರು 1300 ಮೀಟರ್ ಸಾಗುವಷ್ಟರಲ್ಲಿ ಬೀಸಿದ ಗಾಳಿಗೆ ಹಡಗು ವಾಲಿತು. ತೆರೆದಿದ್ದ ಫಿರಂಗಿ ಕಿಂಡಿಗಳಿಂದ ನೀರು ನುಗ್ಗಿತು. ದಡದಲ್ಲಿದ್ದವರು ನೋಡನೋಡುತ್ತಿದ್ದಂತೆಯೇ ಮುಳುಗಿದ ಆ ಹಡಗಿನೊಂದಿಗೆ ಸುಮಾರು 30 ಮಂದಿ ಜಲಸಮಾಧಿಯಾದರು.

ವಾಸಾ ಕಟ್ಟಿದವರು ಎಡವಿದ ಜಾಗದಲ್ಲೇ ಇಂದು ಕಂಪ್ಯೂಟರ್ ಆಟಗಾರರೂ ಎಡವುತ್ತಾರೆ. ವ್ಯತ್ಯಾಸವೆಂದರೆ ಇಲ್ಲಿ ಯಾರ ಪ್ರಾಣಕ್ಕೂ ಅಪಾಯವಿಲ್ಲ. ಆ ಆಟದ ಹೆಸರು ‘ಕರ್ಬಲ್ ಸ್ಪೇಸ್ ಪ್ರೋಗ್ರಾಂ’. ಮೆಕ್ಸಿಕೊ ನಗರದ ‘ಸ್ಕ್ವಾಡ್’ ಸಂಸ್ಥೆಯಲ್ಲಿ ಫೆಲಿಪೆ ಫಲಾಂಗೆ ರೂಪಿಸಿದ ಈ ಆಟ 2011ರಲ್ಲಿ ಜನರ ಕೈಗೆ ಬಂದಿತು. ಪೂರ್ಣ ರೂಪ ಪಡೆದದ್ದು 2015ರಲ್ಲಿ. ಹಸಿರು ಮೈಯ ಪುಟಾಣಿ ಜೀವಿಗಳನ್ನು ಬಾಹ್ಯಾಕಾಶಕ್ಕೆ ಕಳುಹಿಸುವುದು ಆಟದ ಗುರಿ. ಆದರೆ ರಾಕೆಟ್ ಬದಿಗಿಟ್ಟು ವಿಮಾನ, ದೋಣಿಗಳನ್ನು ಕಟ್ಟಲು ಹೊರಟವರಿಗೆ ಬೇರೆಯೇ ಪಾಠ ಕಾದಿರುತ್ತದೆ.

ವಿಮಾನ ಜೋಡಿಸುವ ಕೊಠಡಿಯಲ್ಲಿ ಆಟವು ಮೂರು ಗುರುತುಗಳನ್ನು ತೋರಿಸುತ್ತದೆ. ಹಳದಿ ಗೋಳ ಗುರುತ್ವಕೇಂದ್ರ, ಅಂದರೆ ಇಡೀ ತೂಕ ನೆಲೆಸಿರುವ ಬಿಂದು. ನೀಲಿಯದು ರೆಕ್ಕೆಗಳ ಎತ್ತುವ ಬಲದ ಕೇಂದ್ರ. ನೇರಳೆಯದು ಎಂಜಿನ್ನಿನ ನೂಕುಬಲದ ಕೇಂದ್ರ. ನೀಲಿ ಗೋಳ ಹಳದಿ ಗೋಳಕ್ಕಿಂತ ತುಸು ಹಿಂದಿರಬೇಕು ಎಂಬುದು ಮೊದಲ ಸೂತ್ರ.

ಏಕೆ? ಗಾಳಿಯ ಹೊಡೆತಕ್ಕೆ ವಿಮಾನದ ಮೂತಿ ಮೇಲೆದ್ದಿತೆನ್ನಿ. ಆಗ ರೆಕ್ಕೆಯ ಎತ್ತುವ ಬಲ ಹೆಚ್ಚುತ್ತದೆ. ಆ ಬಲ ಗುರುತ್ವಕೇಂದ್ರದ ಹಿಂದಿದ್ದರೆ ಬಾಲವನ್ನು ಎತ್ತಿ ಮೂತಿಯನ್ನು ಮತ್ತೆ ಕೆಳಗಿಳಿಸುತ್ತದೆ. ಮುಂದಿದ್ದರೆ ಮೂತಿಯನ್ನು ಇನ್ನಷ್ಟು ಮೇಲಕ್ಕೆತ್ತಿ ವಿಮಾನವನ್ನೇ ಮಗುಚಿಹಾಕುತ್ತದೆ. ಗಾಳಿಪಟಕ್ಕೆ ಬಾಲಂಗೋಚಿ ಕಟ್ಟುವ ಮಕ್ಕಳಿಗೂ ಹಿಂಭಾಗದ ಆಸರೆಯ ಬೆಲೆ ಗೊತ್ತು. ಹಾಗೆಂದು ನೀಲಿ ಗೋಳ ತೀರಾ ಹಿಂದೆ ಸರಿದರೆ ಮೂತಿ ಏಳುವುದೇ ಇಲ್ಲ. ಹಿಂದಿನ ಚಕ್ರಗಳನ್ನೂ ಗುರುತ್ವಕೇಂದ್ರದ ಸ್ವಲ್ಪ ಹಿಂದೆಯೇ ಇಡಬೇಕು. ಮುಂದಿಟ್ಟರೆ ವಿಮಾನ ನಿಂತಲ್ಲೇ ಬಾಲ ಊರಿ ಕೂರುತ್ತದೆ.

ಇನ್ನೊಂದು ತೊಡಕು ಇಂಧನದ್ದು. ಮುಂದಿನ ಟ್ಯಾಂಕ್ ಬರಿದಾದಂತೆ ತೂಕ ಹಿಂದಕ್ಕೆ ಸರಿಯುತ್ತದೆ. ಏರುವಾಗ ನೆಟ್ಟಗಿದ್ದ ವಿಮಾನ ಇಳಿಯುವಾಗ ಪಲ್ಟಿ ಹೊಡೆಯುತ್ತದೆ. ಇದು ಆಟದ ಕಲ್ಪನೆಯಲ್ಲ. 1976ರಿಂದ 2003ರವರೆಗೆ ಪ್ರಯಾಣಿಕರನ್ನು ಒಯ್ದ ಕಾಂಕಾರ್ಡ್ ಶಬ್ದದ ವೇಗ ದಾಟುವಾಗ ಅದರ ಎತ್ತುವ ಬಲದ ಕೇಂದ್ರ ಹಿಂದೆ ಸರಿಯುತ್ತಿತ್ತು. ಅದನ್ನು ಸರಿದೂಗಿಸಲು ಇಂಧನವನ್ನು ಬಾಲದ ಟ್ಯಾಂಕಿಗೆ ಪಂಪ್ ಮಾಡುತ್ತಿದ್ದರು.

ದೋಣಿಯ ಲೆಕ್ಕ ಬೇರೆ. ದೋಣಿ ಒಂದು ಬದಿಗೆ ವಾಲಿದಾಗ ಆ ಬದಿಯೇ ನೀರಿನಲ್ಲಿ ಹೆಚ್ಚು ಮುಳುಗುತ್ತದೆ. ನೀರು ಮೇಲಕ್ಕೆ ಒತ್ತುವ ಬಲದ ಕೇಂದ್ರವೂ ಅತ್ತ ಸರಿದು ದೋಣಿಯನ್ನು ನೆಟ್ಟಗೆ ನಿಲ್ಲಿಸುತ್ತದೆ. ತೂಕ ಬಹಳ ಮೇಲಿದ್ದರೆ ಈ ಬಲ ಸೋಲುತ್ತದೆ. ಆದ್ದರಿಂದಲೇ ಆಟಗಾರರು ಭಾರವನ್ನು ತಳಕ್ಕಿಳಿಸಿ ಒಡಲನ್ನು ಅಗಲಗೊಳಿಸುತ್ತಾರೆ ಅಥವಾ ಎರಡು ಒಡಲುಗಳನ್ನು ಜೋಡಿಸುತ್ತಾರೆ. ವಿಮಾನಕ್ಕಿರುವಂತೆ ತೇಲುವ ಬಲಕ್ಕೆ ಬಣ್ಣದ ಗುರುತಿಲ್ಲ. ದೋಣಿಗೆ ಚಕ್ರ ಕಟ್ಟಿ ರನ್‌ವೇ ಮೂಲಕ ಕಡಲಿಗಿಳಿಸಿಯೇ ನೋಡಬೇಕು.

ಈ ಲೆಕ್ಕವನ್ನು ಫ್ರಾನ್ಸಿನ ಪಿಯೇರ್ ಬುಗೇರ್ ತನ್ನ ಗ್ರಂಥದಲ್ಲಿ ವಿವರಿಸಿದ್ದು 1746ರಲ್ಲಿ, ವಾಸಾ ಮುಳುಗಿ ಶತಮಾನ ಕಳೆದ ಮೇಲೆ. ಆದರೂ ವಾಸಾ ಮುನ್ಸೂಚನೆ ಕೊಡದಿರಲಿಲ್ಲ. ಯಾನಕ್ಕೆ ಮೊದಲು 30 ನಾವಿಕರನ್ನು ಅಟ್ಟದ ಮೇಲೆ ಆಚೀಚೆ ಓಡಿಸಿ ಪರೀಕ್ಷಿಸಿದಾಗ ಹಡಗು ತೀವ್ರವಾಗಿ ಓಲಾಡಿ, ಪರೀಕ್ಷೆಯನ್ನೇ ಅರ್ಧಕ್ಕೆ ನಿಲ್ಲಿಸಬೇಕಾಯಿತು. ಹಡಗು ಬೇಗ ಹೊರಡಬೇಕೆಂಬ ಆತುರ ಅರಸನದಾಗಿತ್ತು; ತಡೆಯುವ ಧೈರ್ಯ ಯಾರಿಗೂ ಬರಲಿಲ್ಲ.

1961ರಲ್ಲಿ ಮೇಲೆತ್ತಲಾದ ವಾಸಾ ಈಗ ಸ್ಟಾಕ್‌ಹೋಮ್‌ನ ವಸ್ತುಸಂಗ್ರಹಾಲಯದಲ್ಲಿದೆ. ಆಟದಲ್ಲಿ ಮುಳುಗಿದ ದೋಣಿಯನ್ನು ಗುಂಡಿಯೊತ್ತಿ ಕಟ್ಟುವ ಕೊಠಡಿಗೆ ಹಿಂದಿರುಗಿಸಬಹುದು. ವಾಸಾಕ್ಕೆ ಆ ಗುಂಡಿ ಇರಲಿಲ್ಲ. ಆದರೆ ಹೊರಡದೆ ನಿಲ್ಲುವ ಅವಕಾಶ ಇತ್ತು.