ಶಿಖರದ ಕೆಳಗಿನ ಕೆಲವು ಅಡಿಗಳು

ಪರ್ವತಾರೋಹಣವೆಂದೊಡನೆ ನಮ್ಮ ಕಣ್ಣಮುಂದೆ ಬರುವುದು ಹಿಮದ ಶಿಖರ, ಅದರ ನೆತ್ತಿಯ ಮೇಲೆ ನೆಟ್ಟ ಬಾವುಟ. ಈ ವಿದ್ಯೆಯ ದೊಡ್ಡದೊಂದು ಪಾಠಶಾಲೆ ತೆಂಗಿನ ಮರಕ್ಕಿಂತ ಎತ್ತರವಿಲ್ಲದ ಬಂಡೆಗಳ ಸಾಲಿನಲ್ಲಿದೆ ಎಂದರೆ ಹಲವರಿಗೆ ಅಚ್ಚರಿಯಾದೀತು.

ಇಂಗ್ಲೆಂಡಿನ ಡರ್ಬಿಷೈರ್, ಯಾರ್ಕ್‌ಷೈರ್ ಸೀಮೆಗಳ ಗಡಿಯಲ್ಲಿರುವ ಸ್ಟ್ಯಾನೇಜ್ ಬಂಡೆಸಾಲನ್ನು ನಾನು ಕಂಡದ್ದು ಒಂದು ಚಳಿಗಾಲದಲ್ಲಿ. ಮರವಿಲ್ಲದ ಎತ್ತರದ ಬಯಲು. ಕಾಲಡಿಯಲ್ಲಿ ಕಪ್ಪು ಜೌಗುಮಣ್ಣು. ಕಣ್ಣು ಹರಿಯುವಷ್ಟು ದೂರ ಹೀದರ್ ಎಂಬ ಕುರುಚಲು ಗಿಡ. ಆ ಬಯಲು ಒಮ್ಮೆಲೇ ಮುರಿದಂತೆ 5-6 ಕಿಲೋಮೀಟರ್ ಉದ್ದಕ್ಕೂ ಬಂಡೆಯ ಗೋಡೆ ನಿಂತಿದೆ. ಸುಮಾರು 32 ಕೋಟಿ ವರ್ಷಗಳ ಹಿಂದೆ ನದಿಗಳು ತಂದು ಸುರಿದ ಮರಳು ಹೀಗೆ ಕಲ್ಲಾಗಿದೆ. ಹಿಂದೆ ಇಲ್ಲಿ ಬೀಸುವ ಕಲ್ಲುಗಳನ್ನು ಕಡೆಯುತ್ತಿದ್ದರು. ಸಾಗಿಸದೆ ಬಿಟ್ಟವು ಬುಡದಲ್ಲಿ ಇನ್ನೂ ಬಿದ್ದಿವೆ. ಒರಟಾದ ಈ ಕಲ್ಲು ಚಳಿಯಲ್ಲಿಯೇ ಹೆಚ್ಚು ಹಿಡಿತ ಕೊಡುತ್ತದೆ. ಆದುದರಿಂದ ನಾವು ಕಂಬಳಿ ಹುಡುಕುವ ದಿನ ಹತ್ತುವವರಿಗೆ ಸುದಿನ. ಹಗ್ಗ ಬೇಡವೆನ್ನುವವರು ಬುಡದ ಗುಂಡುಗಳ ಮೇಲೆ ಒಂದೇ ಹಿಡಿಗಾಗಿ ಇಪ್ಪತ್ತು ಸಲ ಬಿದ್ದೇಳುತ್ತಾರೆ. ಇಲ್ಲಿಯ ಸಂಪ್ರದಾಯದಂತೆ ಕಲ್ಲಿಗೆ ಮೊಳೆ ಹೊಡೆಯುವಂತಿಲ್ಲ. ರಕ್ಷಣೆಗೆಂದು ಬಿರುಕಿನಲ್ಲಿ ಸಿಕ್ಕಿಸಿದುದನ್ನು ಹಿಂದೆ ಬರುವವನು ಬಿಡಿಸಿ ತರಬೇಕು.

ಈ ಬಯಲುಗಳು ಎಲ್ಲರಿಗೂ ತೆರೆದಿದ್ದವೆಂದಲ್ಲ. ಗ್ರೌಸ್ ಹಕ್ಕಿಯ ಬೇಟೆಗಾಗಿ ಜಮೀನುದಾರರು ಅವನ್ನು ಕಾದಿರಿಸಿದ್ದರು. 1932ರ ಏಪ್ರಿಲ್ 24ರಂದು ನೂರಾರು ಜನ ನಿಷೇಧ ಮೀರಿ ಸಮೀಪದ ಕಿಂಡರ್ ಸ್ಕೌಟ್ ಬಯಲನ್ನು ಹತ್ತಿದರು. ಐವರು ಸೆರೆಮನೆ ಕಂಡರು. 1951ರಲ್ಲಿ ಈ ಸೀಮೆ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು.

ಇಂಥ ಬಂಡೆಗಳಲ್ಲಿ ಕಲಿತವನು ಮ್ಯಾಂಚೆಸ್ಟರಿನ ಬಡ ಹುಡುಗ ಜೋ ಬ್ರೌನ್. ವೃತ್ತಿ ಕೊಳಾಯಿ ಕೆಲಸ. ಮೊದಲ ಹಗ್ಗ, ತಾಯಿ ಬಟ್ಟೆ ಒಣಹಾಕಿ ಬಿಸುಟ ಹಗ್ಗ. ಬಿರುಕಿನೊಳಗೆ ಅಂಗೈಯನ್ನು ತೂರಿಸಿ, ಬೆಣೆಯಂತೆ ಬಿಗಿದು, ಮೈಭಾರವನ್ನೆಲ್ಲ ಅದಕ್ಕೆ ಒಪ್ಪಿಸುವ ಕಲೆಯಲ್ಲಿ ಆತ ನಿಸ್ಸೀಮ. ಸ್ಟ್ಯಾನೇಜಿನಲ್ಲಿ ‘ಅಜೇಯ’ವೆಂದೇ ಹೆಸರಾಗಿದ್ದ ಎರಡು ಬಿರುಕುಗಳಲ್ಲಿ ಬಲಗಡೆಯದನ್ನು 1949ರಲ್ಲಿ ಹತ್ತಿದ.

1955ರ ಮೇ 25ರಂದು ಆತ ಜಾರ್ಜ್ ಬ್ಯಾಂಡನೊಡನೆ 8,586 ಮೀಟರ್ ಎತ್ತರದ ಕಾಂಚನಜುಂಗಾದ ನೆತ್ತಿಯ ಬಳಿ ಇದ್ದ. ಅದುವರೆಗೆ ಯಾರೂ ಅಲ್ಲಿಗೆ ಏರಿರಲಿಲ್ಲ. ಕೊನೆಗೆ ಅಡ್ಡಲಾದುದು ಒಂದು ಬಂಡೆ, ಅದರಲ್ಲೊಂದು ಬಿರುಕು! ಊರಿನ ಗಿಡ್ಡ ಬಂಡೆ ಕಲಿಸಿದ ಅದೇ ವಿದ್ಯೆ ಅಲ್ಲಿ ಕೈಹಿಡಿಯಿತು. ಮುಂದೆ ಉಳಿದಿದ್ದುದು ಕೆಲವೇ ಅಡಿಗಳ ಸುಲಭದ ಹಿಮ. ಆದರೆ ಆ ಶಿಖರ ಸಿಕ್ಕಿಮಿನವರಿಗೆ ದೇವರ ನೆಲೆ. ನೆತ್ತಿಯನ್ನು ತುಳಿಯುವುದಿಲ್ಲವೆಂದು ತಂಡ ಅವರಿಗೆ ಮಾತು ಕೊಟ್ಟಿತ್ತು. ಇಬ್ಬರೂ ಅಲ್ಲಿಯೇ ನಿಂತರು.

ಹತ್ತುವ ಶಕ್ತಿಗಿಂತ ಹೀಗೆ ನಿಲ್ಲುವ ಶಕ್ತಿ ನನಗೆ ದೊಡ್ಡದಾಗಿ ಕಾಣುತ್ತದೆ. ಕಲ್ಲಿಗೆ ಮೊಳೆ ಹೊಡೆಯದೆ ಹತ್ತಲು ಕಲಿತವನಿಗೆ ಇದು ತೀರ ಹೊಸ ಪಾಠವೇನೂ ಆಗಿರಲಾರದು. ಮರುದಿನ ಅದೇ ತಂಡದ ನಾರ್ಮನ್ ಹಾರ್ಡಿ, ಟೋನಿ ಸ್ಟ್ರೀದರ್ ಅಲ್ಲಿಗೆ ಬಂದರು. ಅವರೂ ಆ ಕೆಲವು ಅಡಿಗಳನ್ನು ಹಾಗೆಯೇ ಬಿಟ್ಟು ಇಳಿದರು.